ಕನ್ನಡಿ ಮುಂದೆ ನಿಂತವಳನ್ನು ಯಾರ ಕಣ್ಣಿಂದ ಬಿಡಿಸಬೇಕು? ಮಾಂಗಾದಲ್ಲಿ ಮೈಯ ಕೀಳರಿಮೆ ಮತ್ತು ಒಂಟಿತನ

ಪ್ರಶ್ನೆ: ಹಾಳೆಯಂಚು

ಎ5 ಅಳತೆಯ 16 ಪುಟದ ಕಪ್ಪು-ಬಿಳುಪು ಕಾಮಿಕ್ಸ್ ಒಂದನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಕಥೆ ಸಣ್ಣದು. ಪಿಯುಸಿ ಮುಗಿಸಿ, ಊರು ಬಿಟ್ಟು ಹಾಸ್ಟೆಲ್ ಸೇರಿದ ಹುಡುಗಿ. ತಾನು ದಪ್ಪ, ತನ್ನ ಮೈ ಎಲ್ಲರಿಗೂ ಅಡ್ಡ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಎಲ್ಲರೂ ಉಂಡು ಎದ್ದ ಮೇಲೆ ಮೆಸ್‌ಗೆ ಹೋಗುತ್ತಾಳೆ, ಗ್ರೂಪ್ ಫೋಟೋ ಅಂದರೆ ಹಿಂದಿನ ಸಾಲಿಗೆ ಸರಿಯುತ್ತಾಳೆ, ಬರಬರುತ್ತಾ ರೂಮಿನಿಂದ ಹೊರಗೆ ಬರುವುದನ್ನೇ ಬಿಡುತ್ತಾಳೆ. ಇದಕ್ಕಿಂತ ದೊಡ್ಡ ಘಟನೆ ಏನೂ ಇಲ್ಲ.

ಕರಡು ತಯಾರಿದೆ, ಆದರೆ ಸಪ್ಪೆಯಾಗಿದೆ. "ನನ್ನನ್ನು ಯಾರೂ ಇಷ್ಟಪಡುವುದಿಲ್ಲ" ಎಂಬಂಥ ಸಾಲು ಪುಟಕ್ಕೆ ಎರಡಾದರೂ ಇವೆ. ಕನ್ನಡಿ ಮುಂದೆ ಅಳುವ ಚಿತ್ರ ಮೂರು ಕಡೆ ಬಂದಿದೆ, ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂತ ಚಿತ್ರ ಎರಡು ಕಡೆ. ಒಟ್ಟಿನಲ್ಲಿ ಜಾಗೃತಿ ಭಿತ್ತಿಪತ್ರ ಓದಿದ ಹಾಗಿದೆ.

ಜಪಾನಿನ ಮಾಂಗಾಗಳು, ಅಂದರೆ ಅಲ್ಲಿನ ಕಾಮಿಕ್ಸ್‌ಗಳು, ಇದೇ ವಿಷಯವನ್ನು ಇಷ್ಟು ಮಾತಿಲ್ಲದೆ ಪುಟದ ಮೇಲೆ ಹೇಗೆ ತರುತ್ತವೆ? ಕೃತಿಗಳ ಪಟ್ಟಿ ಬೇಡ. ಯಾವ ಕೃತಿ ಯಾವ ಉಪಾಯ ಮಾಡಿದೆ, ಅದು ಯಾಕೆ ಕೆಲಸ ಮಾಡುತ್ತದೆ, ನಕಲು ಮಾಡಲು ಹೋದರೆ ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರ. ಎ4 ಹಾಳೆಯಲ್ಲಿ ಬಿಡಿಸಿ, ಎ5ಗೆ ಇಳಿಸಿ, ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸುವ ಯೋಚನೆಯಿದೆ.

ಉತ್ತರ: ಕಪ್ಪುಮಸಿ

ಮಾತು ಕಡಿಮೆ ಮಾಡುವುದು ಆಮೇಲಿನ ಕೆಲಸ. ಅವಳ ಮೈಯನ್ನು ಪ್ರತಿ ಚೌಕದಲ್ಲೂ ಯಾರು ನೋಡುತ್ತಿದ್ದಾರೆ ಎಂಬುದು ನಿಮ್ಮ ಕರಡಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅದು ತೀರ್ಮಾನವಾಗದೆ ಇರುವುದರಿಂದಲೇ ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬೇಕಾಗಿ ಬಂದಿದೆ.

ಹಗಿಯೊ ಮೊಟೊ ಅವರ 1992ರ ಸಣ್ಣ ಕಥೆ 'ಇಗುವಾನಾ ನೊ ಮುಸುಮೆ'ಯಿಂದ ಶುರುಮಾಡಿ. ಇಗುವಾನಾ ಅಂದರೆ ನಮ್ಮ ಉಡವನ್ನು ನೆನಪಿಸುವ ದೊಡ್ಡ ಹಲ್ಲಿ. ಹೆತ್ತ ತಾಯಿಗೆ ಹಿರಿಮಗಳು ರಿಕಾ ಇಗುವಾನಾ ಆಗಿ ಕಾಣುತ್ತಾಳೆ, ಕಿರಿಮಗಳು ಮುದ್ದಾದ ಮನುಷ್ಯಮಗು. ತಾಯಿಯ ಕಣ್ಣನ್ನೇ ನಂಬಿ ಬೆಳೆದ ರಿಕಾಗೂ ಕನ್ನಡಿಯಲ್ಲಿ ಇಗುವಾನಾ ಮುಖವೇ ಕಾಣುತ್ತದೆ. ಸುತ್ತಲಿನವರಿಗೆ ಮಾತ್ರ ಅವಳು ಚೆಂದದ, ಓದಿನಲ್ಲಿ ಚುರುಕಾದ ಹುಡುಗಿ. ಹಗಿಯೊ ಹೆಚ್ಚಿನ ಚೌಕಗಳಲ್ಲಿ ಅವಳಿಗೆ ಇಗುವಾನಾ ತಲೆಯನ್ನೇ ಕೊಡುತ್ತಾರೆ. ಮೈಮೇಲೆ ಎಲ್ಲರಂತೆ ಬಟ್ಟೆ, ಕೈಯಲ್ಲಿ ಎಲ್ಲರಂತೆ ಪುಸ್ತಕ, ಕುತ್ತಿಗೆಯಿಂದ ಮೇಲೆ ಹಲ್ಲಿ. ಅವಳು ಚೆಂದ ಎಂಬ ಸಂಗತಿ ನಮಗೆ ಗೊತ್ತಾಗುವುದು ಬೇರೆಯವರ ಮಾತಿನಿಂದ, ನಡವಳಿಕೆಯಿಂದ. ಚೆಂದ ಎಂದು ಕಿವಿ ಕೇಳುತ್ತಿರುವಾಗ ಕಣ್ಣೆದುರು ಇಗುವಾನಾ ಇರುತ್ತದೆ. ತನ್ನನ್ನು ಹೊಗಳಿದ ಮಾತನ್ನು ನಂಬಲಾಗದವಳ ಸ್ಥಿತಿಯೂ ಅದೇ, ಆ ಜಾಗದಲ್ಲಿ ಓದುಗರನ್ನು ತಂದು ನಿಲ್ಲಿಸಿಬಿಡುತ್ತಾರೆ. "ನಾನು ಕುರೂಪಿ" ಎಂದು ಅವಳು ಹೇಳಬೇಕಾದ ಅಗತ್ಯ ಎಲ್ಲೂ ಬೀಳುವುದಿಲ್ಲ.

ಈ ಕಟ್ಟುಪಾಡನ್ನು ಹಗಿಯೊ ಹಗುರವಾಗಿ ಮುರಿಯುವುದಿಲ್ಲ ಎಂಬುದನ್ನು ಗಮನಿಸಿ. ತಾಯಿ ಸತ್ತಾಗ ಆ ಹೆಣದ ಮುಖದಲ್ಲಿ ರಿಕಾಗೆ ತನ್ನದೇ ಇಗುವಾನಾ ಮುಖ ಕಾಣುತ್ತದೆ. ಅಲ್ಲಿಯವರೆಗೆ ತಾಯಿ ಮಾಮೂಲಿ ಹೆಂಗಸಾಗಿಯೇ ಕಂಡಿದ್ದರಿಂದ ಆ ಒಂದು ಚಿತ್ರ ಇಡೀ ಕಥೆಯನ್ನು ತಿರುಗಿಸಿ ಹಾಕುತ್ತದೆ.

ಒಕಾಜಾಕಿ ಕ್ಯೊಕೊ ಅವರ 'ಹೆಲ್ಟರ್ ಸ್ಕೆಲ್ಟರ್' ಇದರ ತದ್ವಿರುದ್ಧ. ಪತ್ರಿಕೆಯಲ್ಲಿ ಬಂದದ್ದು 1995–96ರಲ್ಲಿ, ಪುಸ್ತಕವಾದದ್ದು 2003ರಲ್ಲಿ, ಮಾಂಗಾಗಳಿಗೆ ಕೊಡುವ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿ ಸಿಕ್ಕಿದ್ದು 2004ರಲ್ಲಿ. ಮಾಡೆಲ್ ರಿರಿಕೊ ಹೆಚ್ಚುಕಡಿಮೆ ಇಡೀ ಮೈಯನ್ನು ಶಸ್ತ್ರಚಿಕಿತ್ಸೆಯಿಂದ ಕಟ್ಟಿಸಿಕೊಂಡವಳು. ಎಲ್ಲರ ಕಣ್ಣಿಗೂ ಅಪ್ಸರೆ. ಒಳಗಿಂದ ಕೊಳೆತ ಹಾಗೆ ಕಲೆಗಳು ಏಳುತ್ತಿವೆ ಎಂಬುದು ಅವಳಿಗೆ ಮತ್ತು ಹತ್ತಿರದ ಒಂದಿಬ್ಬರಿಗೆ ಮಾತ್ರ ಗೊತ್ತು. ಇಷ್ಟು ಸುಂದರಿಯನ್ನು ಒಕಾಜಾಕಿ ನುಣುಪಾಗಿ ಬಿಡಿಸುವುದೇ ಇಲ್ಲ. ಗೆರೆ ತೆಳು, ಅವಸರದ್ದು, ಕೆಲವು ಕಡೆ ಅರ್ಧಕ್ಕೇ ನಿಂತದ್ದು. ನಡುನಡುವೆ ಹೆಸರಿಲ್ಲದ ಶಾಲಾ ಹುಡುಗಿಯರು ಅವಳ ಬಗ್ಗೆ ಹರಟುತ್ತಾರೆ, ಮರುಗಳಿಗೆಗೆ ಬೇರೆ ಮಾತಿಗೆ ಹಾರುತ್ತಾರೆ. ಇಡೀ ಊರು ನೋಡುತ್ತಿರುವ ಹೆಂಗಸು ಎಷ್ಟು ಒಂಟಿ ಎಂಬುದಕ್ಕೆ ಆ ಹರಟೆ ಸಾಕು.

ಮೂರನೆಯ ದಾರಿ ಅಸಾನೊ ಇನಿಯೊ ಅವರ 'ಒಯಾಸುಮಿ ಪುನ್‌ಪುನ್' (2007–13, 13 ಸಂಪುಟ). ಕಥಾನಾಯಕನಿಗೆ ಮನುಷ್ಯದೇಹವನ್ನೇ ಕೊಟ್ಟಿಲ್ಲ, ಮಗು ಗೀಚಿದ ಹಕ್ಕಿಯಂಥ ಆಕಾರ ಅಷ್ಟೆ. ಸುತ್ತಲಿನ ರಸ್ತೆ, ಮನೆ, ತಂತಿಕಂಬಗಳು ಫೋಟೋ ಆಧರಿಸಿದ ದಟ್ಟ ಚಿತ್ರಗಳು. ಅವನ ಮಾತಿಗೆ ಬಲೂನು (ಮಾತನ್ನು ಬರೆಯುವ ಗುಳ್ಳೆ) ಕೂಡ ಇಲ್ಲ. ಇದನ್ನು ನೀವು ಮುಟ್ಟದಿರುವುದು ಒಳ್ಳೆಯದು. ಹಿನ್ನೆಲೆಯನ್ನು ಆ ಮಟ್ಟಕ್ಕೆ ಬಿಡಿಸಲು ಆಗದಿದ್ದರೆ ಗೀಚಿದ ಆಕಾರ ಮುದ್ದಾಗಿ ಕಾಣುತ್ತದೆಯೇ ಹೊರತು ಖಾಲಿಯಾಗಿ ಕಾಣುವುದಿಲ್ಲ.

ಈಗ ನಿಮ್ಮ ಕೆಲಸ. ಜಪಾನಿನಲ್ಲಿ 'ನೇಮು' ಎನ್ನುವ ಪೆನ್ಸಿಲ್ ಕರಡಿನ ಹಂತಕ್ಕೆ ವಾಪಸ್ ಹೋಗಿ ಪ್ರತಿ ಚೌಕದ ಮೂಲೆಯಲ್ಲಿ ಒಂದಕ್ಷರ ಬರೆಯಿರಿ: ಅವಳ ಕಣ್ಣಿಗೆ ಕಾಣುವ ಅವಳ ಮೈಯಾದರೆ 'ಅ', ಬೇರೆಯವರಿಗೆ ಕಾಣುವುದಾದರೆ 'ಬೇ'. 16 ಪುಟದಲ್ಲಿ 'ಅ'ಯಿಂದ 'ಬೇ'ಗೆ ಮೂರಕ್ಕಿಂತ ಹೆಚ್ಚು ಸಲ ದಾಟಿದರೆ ಅದು ಉಪಾಯ ಎಂದು ಓದುಗರಿಗೆ ಹೊಳೆಯುವುದೇ ಇಲ್ಲ, ಕೈ ತಪ್ಪಿದೆ ಅಂದುಕೊಳ್ಳುತ್ತಾರೆ.

ಎರಡು ಮೈಗಳಿಗೆ ಎರಡು ಅಳತೆ ಇಟ್ಟುಕೊಳ್ಳಿ. ತಲೆಯ ಉದ್ದವನ್ನು ಒಂದು ಮಾನ ಎಂದುಕೊಂಡರೆ 'ಬೇ' ಚೌಕದಲ್ಲಿ ಅವಳು ಆರೂವರೆ ತಲೆಯೆತ್ತರದ ಸಾಧಾರಣ ಹುಡುಗಿ, 'ಅ' ಚೌಕದಲ್ಲಿ ಐದು. ಅದಕ್ಕಿಂತ ಕೆಳಗೆ ಇಳಿಸಬೇಡಿ. ಎರಡು-ಮೂರು ತಲೆಯೆತ್ತರ ಮಾಂಗಾದಲ್ಲಿ ನಗಿಸುವ ಮೈ, ಅಲ್ಲಿಗೆ ಹೋದ ಕೂಡಲೇ ಓದುಗರು ಅವಳನ್ನು ನೋಡಿ ನಗುತ್ತಾರೆ. ಹೊಟ್ಟೆ-ಕೆನ್ನೆ ಉಬ್ಬಿಸುವುದಕ್ಕಿಂತ ಚೌಕವನ್ನು ಕಿರಿದು ಮಾಡಿ. ಅವಳ ಎರಡೂ ಭುಜ ಚೌಕದ ಎರಡೂ ಗೆರೆಗೆ ತಾಗುವಂತಿದ್ದರೆ ಮೈ ತಾನಾಗಿ ಜಾಗಕ್ಕೆ ಮೀರಿದ್ದಾಗಿ ಕಾಣುತ್ತದೆ. ಬೈತಲೆ ಮತ್ತು ಹುಬ್ಬಿನ ಆಕಾರ ಎರಡರಲ್ಲೂ ಒಂದೇ ಇರಲಿ, ಇಲ್ಲದಿದ್ದರೆ ಬೇರೆ ಪಾತ್ರ ಬಂತೆಂದು ತಿಳಿಯುತ್ತಾರೆ.

ಕನ್ನಡಿ ಮೂರು ಸಲ ಬೇಡ, ಒಂದು ಸಲವೂ ಬೇಡವೇನೋ. ಮೆಸ್‌ನ ಸ್ಟೀಲ್ ತಟ್ಟೆ ಇದೆಯಲ್ಲ! ಅದರ ಅಂಚಿನ ಬಾಗಿಗೆ ಮುಖ ತಾನಾಗಿಯೇ ಅಗಲವಾಗುತ್ತದೆ. ಅದನ್ನು ವಿಕಾರ ಮಾಡಲು ನೀವು ಏನನ್ನೂ ಸೇರಿಸಬೇಕಿಲ್ಲ.

ಉತ್ತರ: ನಾಲ್ಕನೇ ಚೌಕ

ಕಪ್ಪುಮಸಿ ಅವರ ತಟ್ಟೆಯ ಮಾತು ಬಂಗಾರ. ಎರಡು ಅಳತೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಆರೂವರೆಗೂ ಐದಕ್ಕೂ ಇರುವ ವ್ಯತ್ಯಾಸವನ್ನು ಎಲ್ಲ ಚೌಕದಲ್ಲೂ ಹಿಡಿದಿಡಲು ನುರಿತ ಕೈ ಬೇಕು. ಹೊಸಬರು ಮಾಡಿದರೆ ಆರು, ಐದೂವರೆ, ಐದೂಮುಕ್ಕಾಲು ಎಲ್ಲ ಬಂದು ಕಲಸುಮೇಲೋಗರ ಆಗುತ್ತದೆ. ನಾನಾದರೆ ಅವಳ ಮೈಯನ್ನು ಮುಟ್ಟದೆ ಅವಳ ಸುತ್ತಲಿನವರನ್ನು ಬದಲಾಯಿಸಿ ಎನ್ನುತ್ತೇನೆ.

ಕಾರಣ ಹೇಳುತ್ತೇನೆ. ಒಇಮಾ ಯೊಶಿತೊಕಿ ಅವರ 'ಕೊಯೆ ನೊ ಕತಾಚಿ' (2013–14, ಏಳು ಸಂಪುಟ) ಒಂಟಿತನವನ್ನು ಒಂಟಿಯಾದವನ ಮುಖದ ಮೇಲೆ ಬಿಡಿಸುವುದಿಲ್ಲ. ಶಾಲೆಯಲ್ಲಿ ಕಿವಿ ಕೇಳದ ಸಹಪಾಠಿಯನ್ನು ಕಾಡಿದ ಶೋಯಾ ಮುಂದೆ ತಾನೇ ಎಲ್ಲರಿಂದ ದೂರವಾಗುತ್ತಾನೆ, ಯಾರ ಮುಖವನ್ನೂ ನೋಡಲಾರ. ಆಗ ಸುತ್ತಲಿನ ಪ್ರತಿಯೊಬ್ಬರ ಮುಖದ ಮೇಲೂ ದೊಡ್ಡ ಇಂಟು ಗುರುತು. ಅವನಿಗೆ ಸಿಗದ ಮುಖ ಓದುಗರಿಗೂ ಸಿಗುವುದಿಲ್ಲ. ಯಾರಾದರೂ ಅವನಿಗೆ ಹತ್ತಿರವಾದಾಗ ಆ ಗುರುತು ಅಂಟು ಬಿಟ್ಟ ಚೀಟಿಯ ಹಾಗೆ ಕಳಚಿ ಬೀಳುತ್ತದೆ. ಯಾವಾಗ ಅಂಟುತ್ತದೆ, ಯಾವಾಗ ಬೀಳುತ್ತದೆ ಎಂಬ ಎರಡು ನಿಯಮ ಸ್ಪಷ್ಟವಾಗಿರುವುದರಿಂದ ಸಂಬಂಧ ಕೂಡಿದ್ದು ಮುರಿದದ್ದು ಎಲ್ಲವನ್ನೂ ಆ ಗುರುತೇ ಹೇಳಿಬಿಡುತ್ತದೆ.

ಇಂಟು ಗುರುತನ್ನೇ ಎತ್ತಿಕೊಂಡರೆ ಎಲ್ಲರಿಗೂ ಮೂಲ ನೆನಪಾಗುತ್ತದೆ. ನಿಮ್ಮ ಹುಡುಗಿ ತಲೆ ತಗ್ಗಿಸಿ ನಡೆಯುವವಳು. ಅವಳ ಕಣ್ಣಿನ ಮಟ್ಟಕ್ಕೇ ಚೌಕದ ಮೇಲ್ಗೆರೆ ಎಳೆಯಿರಿ. ಬೇರೆಯವರೆಲ್ಲ ಗಲ್ಲದಿಂದ ಕೆಳಗೆ ಮಾತ್ರ ಕಾಣಲಿ: ವೇಲು, ಐಡಿ ಕಾರ್ಡಿನ ದಾರ, ತಟ್ಟೆ ಹಿಡಿದ ಕೈ. ಇದಕ್ಕೆ ಹೆಚ್ಚಿನ ಕೌಶಲವೂ ಬೇಡ, ಹೆಚ್ಚಿನ ಮಸಿಯೂ ಬೇಡ. ಯಾರಾದರೂ ಅವಳ ಪಕ್ಕ ಕೂತಾಗ, ಅಂದರೆ ಕಣ್ಣು ಒಂದೇ ಮಟ್ಟಕ್ಕೆ ಬಂದಾಗ, ಮೊದಲ ಸಲ ಒಂದು ಪೂರ್ತಿ ಮುಖ ಕಾಣುತ್ತದೆ.

ಇನ್ನು ಖಾಲಿತನ. ಖಾಲಿ ಕೋಣೆ ಬಿಡಿಸಿದ ಮಾತ್ರಕ್ಕೆ ಒಂಟಿತನ ಬರುವುದಿಲ್ಲ. ಉಮಿನೊ ಚಿಕಾ ಅವರ 'ಸಂಗಾತ್ಸು ನೊ ಲಯನ್' ನೋಡಿ. ಹದಿಹರೆಯದ ಶೋಗಿ (ಜಪಾನಿ ಚದುರಂಗ) ಆಟಗಾರ ರೇಯ ಬಾಡಿಗೆ ಕೋಣೆಯಲ್ಲಿ ಸಾಮಾನೇ ಇಲ್ಲ, ಹೊರಗೆ ನದಿ. ಆದರೆ ನದಿಯಾಚೆಯ ಮೂವರು ಅಕ್ಕತಂಗಿಯರ ಮನೆ ಬಂದ ಕೂಡಲೇ ಪುಟ ತುಂಬಿ ತುಳುಕುತ್ತದೆ. ಬಟ್ಟಲು, ಪಾತ್ರೆ, ಹಸಿದ ಬೆಕ್ಕುಗಳು, ಬಲೂನಿನ ಮೇಲೆ ಬಲೂನು, ಅದರ ಹೊರಗೂ ಕೈಬರಹದ ಪುಟಾಣಿ ಮಾತುಗಳು. ಅಲ್ಲಿಂದ ವಾಪಸ್ ಬಂದ ಮೇಲೆ ಆ ಕೋಣೆ ಬಿಕೋ ಎನ್ನುತ್ತದೆ. ನಿಮ್ಮ ಪುಸ್ತಕದಲ್ಲೂ ಎರಡು ಪುಟವಾದರೂ ಕಿಕ್ಕಿರಿದಿರಬೇಕು. ಮೆಸ್‌ನ ಗಲಾಟೆಗೆ ಪುಟಕ್ಕೆ ಎಂಟು ಚೌಕ, ಕಟ್ಟಾದ ಬಲೂನುಗಳು, ಲೋಟ ಬಿದ್ದ ಸದ್ದು. ಅದರ ಮುಂದಿನ ಪುಟದಲ್ಲಿ ಎರಡೇ ಚೌಕ.

ಬಿಕೋ ಎಂದೆನಲ್ಲ, ಅದನ್ನು ಬಿಡಬೇಡಿ. ಮಾಂಗಾದಲ್ಲಿ ಸದ್ದೇ ಇಲ್ಲದ್ದಕ್ಕೂ ಒಂದು ಸದ್ದಿನ ಪದವಿದೆ, 'ಶೀನ್' ಎಂದು. ಖಾಲಿ ಜಾಗದಲ್ಲಿ ಉದ್ದಕ್ಕೆ ಎಳೆದು ಬರೆಯುತ್ತಾರೆ. ಇಂಗ್ಲಿಷ್ ಅನುವಾದಕರು ಇದಕ್ಕೆ ಒದ್ದಾಡುತ್ತಾರೆ. ಕನ್ನಡದಲ್ಲಿ ಅದಕ್ಕೆ ಪದ ಮೊದಲಿನಿಂದಲೂ ಇದೆ: ಮನೆ ಬಿಕೋ ಎನ್ನುತ್ತದೆ, ಬಯಲು ಭಣಗುಡುತ್ತದೆ, ಕತ್ತಲು ಗವ್ವೆನ್ನುತ್ತದೆ. ಟೈಪ್ ಮಾಡದೆ ಕೈಯಲ್ಲೇ, ಕೂದಲೆಳೆಯಷ್ಟು ತೆಳುವಾಗಿ, 'ಬಿ'ಗೂ 'ಕೋ'ಗೂ ನಡುವೆ ಮಂಚದಷ್ಟು ದೂರ ಬಿಟ್ಟು ಬರೆಯಿರಿ. ದಪ್ಪಗೆ ಬರೆದರೆ ಕೂಗಿದ ಹಾಗಾಗುತ್ತದೆ. ಇಡೀ ಪುಸ್ತಕದಲ್ಲಿ ಒಂದೇ ಸಲ, ಹೆಚ್ಚೆಂದರೆ ಎರಡು.

ಸಮಯದ ಬಗ್ಗೆ ಒಂದು ಮಾತು. ಘಟನೆ ಮುಂದೆ ಸಾಗದೆ ಒಂದೇ ಜಾಗದ ಬೇರೆಬೇರೆ ತುಣುಕುಗಳನ್ನು ತೋರಿಸುವ ಚೌಕದ ಜೋಡಣೆ ಜಪಾನಿ ಕಾಮಿಕ್ಸ್‌ನಲ್ಲಿ ಅಮೆರಿಕದ್ದಕ್ಕಿಂತ ಹೆಚ್ಚು ಎಂದು ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರಲ್ಲೇ ಎಣಿಸಿ ತೋರಿಸಿದ್ದರು. ತಿರುಗುವ ಫ್ಯಾನು, ಬಾಗಿಲಾಚೆ ಜೋಡಿ ಜೋಡಿ ಚಪ್ಪಲಿ, ಚಾರ್ಜರಿಗೆ ಹಾಕಿದ ಫೋನು. ಮನುಷ್ಯರಿಲ್ಲದ ಇಂಥ ಚೌಕ ಮೂರಿದ್ದರೆ ಸಂಜೆ ಕಳೆದ ಹಾಗನ್ನಿಸುತ್ತದೆ, ಆರಾದರೆ ಓದುಗರು ಹಾರಿಸುತ್ತಾರೆ. ಮೂರೂ ಒಂದೇ ಅಳತೆಯ ಅಡ್ಡಪಟ್ಟಿಗಳಾಗಿರಲಿ. ಅಡ್ಡಸಾಲುಗಳ ನಡುವಿನ ಬಿಳಿ 7–8 ಮಿ.ಮೀ., ಒಂದೇ ಸಾಲಿನ ಚೌಕಗಳ ನಡುವೆ 3 ಮಿ.ಮೀ. ಇಟ್ಟರೆ ಕಣ್ಣು ದಾರಿ ತಪ್ಪುವುದಿಲ್ಲ.

ಮತ್ತೆ "ನನ್ನನ್ನು ಯಾರೂ ಇಷ್ಟಪಡುವುದಿಲ್ಲ" ಎಂಬ ಸಾಲುಗಳು. ಹಗಿಯೊ ಅವರ ತಲೆಮಾರಿನ ಲೇಖಕಿಯರು 1970ರ ದಶಕದ ಹುಡುಗಿಯರ ಮಾಂಗಾದಲ್ಲಿ ಮನಸ್ಸಿನ ಮಾತನ್ನು ಬಲೂನಿನಿಂದ ಹೊರಗೆ ತಂದು ಚಿತ್ರದ ಮೇಲೆಯೇ ತೇಲಿಬಿಟ್ಟರು. ಬಲೂನಿಲ್ಲದ ಮಾತು ಕಿವಿಯ ಒಳಗೇ ಕೇಳಿದಂತಿರುತ್ತದೆ. ಹಾಗಾಗಿ ಅದು ತೀರ್ಪು ಕೊಡುವ ಮಾತಾಗದೆ ಲೆಕ್ಕ ಹಾಕುವ ಮಾತಾಗಿರಲಿ. "8:40ಕ್ಕೆ ಹೋದರೆ ಯಾರೂ ಇರಲ್ಲ." ಇಷ್ಟು ಬರೆದರೆ ಉಳಿದದ್ದು ಓದುಗರಿಗೆ ಅರ್ಥವಾಗುತ್ತದೆ.

ಹಾಳೆಯಂಚು

ಇಬ್ಬರಿಗೂ ತುಂಬ ಧನ್ಯವಾದ. ಗಲ್ಲದ ಮೇಲೆ ಕತ್ತರಿಸುವ ಚೌಕವನ್ನೇ ಹಿಡಿಯುತ್ತೇನೆ. ಹೊಸ ಜೋಡಣೆ ಹೀಗಿದೆ: 2–3 ಮೆಸ್‌ನ ಗಲಾಟೆ, 6 ತಟ್ಟೆಯಲ್ಲಿ ಮುಖ, 8–9 ಎರಡೂ ಪುಟ ಸೇರಿಸಿ ಗ್ರೂಪ್ ಫೋಟೋ, 10ರಿಂದ 12 ರೂಮು. ರೂಮಿನ ಪುಟಗಳಲ್ಲಿ ಬಿಳಿ ಜಾಗ ಜಾಸ್ತಿ. ಅವಳ ಮೈಗೆ ಮಾತ್ರ ಬೂದು ಟೋನ್ (ಸಣ್ಣ ಚುಕ್ಕೆಗಳಿಂದ ತರುವ ಛಾಯೆ) ಹಾಕೋಣವೆಂದಿದ್ದೇನೆ. 5ರಲ್ಲಿ ಅವಳು ರಾತ್ರಿ ಬಾಗಿಲು ಹಾಕಿಕೊಂಡು ಒಂದೇ ಸಮನೆ ತಿನ್ನುವ ದೃಶ್ಯವಿದೆ. ಮುದ್ರಣ ಗೊತ್ತಿರುವವರು ದಯವಿಟ್ಟು ನೋಡಿ.

ಉತ್ತರ: ಅಂಚುಕತ್ತರಿ

ಮುದ್ರಣದ ಕಡೆಯಿಂದ ನೋಡಿದರೆ ನಿಮ್ಮ ಜೋಡಣೆಯಲ್ಲಿ ಒಂದು ಒಳ್ಳೆಯದು, ಎರಡು ಅಪಾಯ.

ಒಳ್ಳೆಯದು 8–9. ನಾಲ್ಕು ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆದ 16 ಪುಟದ ಪುಸ್ತಕದಲ್ಲಿ ಒಂದೇ ಹಾಳೆಯ ಒಂದೇ ಮೈಮೇಲೆ ಬರುವ ಅಕ್ಕಪಕ್ಕದ ಪುಟಗಳು 8–9 ಮಾತ್ರ. ಉಳಿದ ಯಾವ ಜೋಡಿಯಲ್ಲೂ ಎಡ-ಬಲ ಬೇರೆ ಹಾಳೆ, ಮಡಿಕೆಯಲ್ಲಿ ಒಂದೆರಡು ಮಿ.ಮೀ. ಏರುಪೇರು ಖಂಡಿತ. ಸಾಲಾಗಿ ನಿಂತವರ ಭುಜದ ಗೆರೆ ಅಲ್ಲಿ ಮುರಿದರೆ ಇಡೀ ಫೋಟೋ ಹೋಯಿತು. ಆದರೆ ನಡುವೆ ಪಿನ್ ಬರುತ್ತದೆ, ಟೋನರ್ ಮಡಿಕೆಯಲ್ಲಿ ಬಿರಿಯುತ್ತದೆ. ನಡುಗೆರೆಯ ಎರಡೂ ಕಡೆ 8 ಮಿ.ಮೀ. ಒಳಗೆ ಮುಖವನ್ನೂ ಗಟ್ಟಿ ಕಪ್ಪನ್ನೂ ಇಡಬೇಡಿ. ರಕ್ಷಾಪುಟವೂ ಈ 16ರಲ್ಲೇ ಸೇರಿದ್ದರೆ ಕಥೆಗೆ ಉಳಿಯುವುದು 14 ಪುಟ ಎಂಬುದೂ ಗಮನದಲ್ಲಿರಲಿ. ನಮ್ಮ ಎಡದಿಂದ ಬಲದ ಓದಿಗೆ ಪುಟ ತಿರುಗಿಸಿದ ಮೇಲೆ ಮೊದಲು ಕಾಣುವುದು ಎಡಗಡೆಯ ಸಮಸಂಖ್ಯೆಯ ಪುಟ. ತಟ್ಟೆಯನ್ನು 6ಕ್ಕೆ ಇಟ್ಟಿದ್ದು ಸರಿಯಾಗಿದೆ, 7ಕ್ಕೆ ತಳ್ಳಬೇಡಿ. ಬಲದಿಂದ ಎಡಕ್ಕೆ ಓದಿಸುವ ಆಸೆಯಿದ್ದರೆ ಬಿಟ್ಟುಬಿಡಿ, ಕನ್ನಡದ ಸಾಲು ಎಡದಿಂದ ಓಡುತ್ತಿರುವಾಗ ಚೌಕ ಎದುರು ದಿಕ್ಕಿಗೆ ಓಡಿದರೆ ಕಣ್ಣು ಸೋಲುತ್ತದೆ.

ಮೊದಲ ಅಪಾಯ ಬಿಳಿ ಜಾಗ. 70–80 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಕಾಗದದಲ್ಲಿ ಹಿಂಬದಿಯ ಕಪ್ಪು ಮುಂದಕ್ಕೆ ಇಣುಕುತ್ತದೆ. 11ನೇ ಪುಟದ ಖಾಲಿ ಗೋಡೆಯ ಹಿಂದೆ 12ರಲ್ಲಿ ಕಪ್ಪು ಕಿಟಕಿ ಇದ್ದರೆ ಗೋಡೆಯ ಮೇಲೆ ಬೂದು ನೆರಳು ಬೀಳುತ್ತದೆ, ಖಾಲಿತನ ಕೊಳಕಾಗಿ ಕಾಣುತ್ತದೆ. 100 ಜಿಎಸ್‌ಎಂ ತೆಗೆದುಕೊಳ್ಳಿ, ಬಿಳಿ ಪುಟದ ಬೆನ್ನಿಗೆ ಬಿಳಿ ಪುಟವೇ ಬರುವಂತೆ ಜೋಡಿಸಿ.

ಎರಡನೆಯ ಅಪಾಯ ಟೋನ್. ಎ4ನಿಂದ ಎ5ಗೆ ಇಳಿಸಿದರೆ ಉದ್ದಗಲ ಸುಮಾರು ಶೇ. 71 ಆಗುತ್ತದೆ. ಮೂಲದಲ್ಲಿ ಇಂಚಿಗೆ 60 ಸಾಲಿನ ಚುಕ್ಕೆಯ ಟೋನ್ ಹಾಕಿದರೆ ಮುದ್ರಣದಲ್ಲಿ ಅದು 85 ಸಾಲು. ಶೇ. 10ರ ತೆಳು ಟೋನ್ ಅಲ್ಲಲ್ಲಿ ಮಾಯ, ಶೇ. 40ರದ್ದು ಕಟ್ಟಿಕೊಂಡು ಮಸಿ. 42.5 ಸಾಲಿನದ್ದನ್ನು ಹಾಕಿ, ಇಳಿಸಿದಾಗ ಸರಿಯಾಗಿ 60ಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ಹಾಕುವುದಾದರೆ ಮೊದಲು ಪುಟವನ್ನು ಎ5 ಅಳತೆಗೆ 600 ಡಿಪಿಐನಲ್ಲಿ (ಇಂಚಿಗೆ 600 ಬಿಂದು) ಇಳಿಸಿ, ಆಮೇಲೆ ಟೋನ್ ಹಾಕಿ, ಆಮೇಲೆ ಅಳತೆ ಮುಟ್ಟಲೇಬೇಡಿ. ಚುಕ್ಕೆ ಹಾಕಿದ ಪುಟವನ್ನು ಶೇ. 97ಕ್ಕೆ ಇಳಿಸಿದರೂ ಬಟ್ಟೆಯ ನೇಯ್ಗೆಯಂಥ ಅಲೆ ಏಳುತ್ತದೆ. ಅಂಗಡಿಯಲ್ಲಿ 'ಫಿಟ್ ಟು ಪೇಜ್' ಆರಿಸಿದರೂ ಇದೇ ಗತಿ. 'ಆ್ಯಕ್ಚುಯಲ್ ಸೈಜ್' ಎಂದು ಮೊದಲೇ ಹೇಳಿ.

ಇನ್ನು ಅವಳ ಮೈಗೆ ಮಾತ್ರ ಟೋನ್ ಎಂದಿರಿ. ದಯವಿಟ್ಟು ಬೇಡ. ಎಲ್ಲರ ಚರ್ಮ ಕಾಗದದ ಬಿಳಿ, ಅವಳದ್ದು ಬೂದು ಎಂದಾದರೆ ನಮ್ಮ ಓದುಗರು ಅದನ್ನು ಮೈಬಣ್ಣ ಎಂದೇ ಓದುತ್ತಾರೆ, ಕಪ್ಪಗಿರುವುದೇ ಅವಳ ಸಂಕಟ ಎಂದಾಗಿಬಿಡುತ್ತದೆ. ಎಲ್ಲರ ಚರ್ಮಕ್ಕೂ ಹಾಕಿ, ಇಲ್ಲವೇ ಯಾರಿಗೂ ಬೇಡ. ಟೋನನ್ನು ಅವಳು ಹೊದೆಯುವ ದೊಡ್ಡ ವೇಲಿಗೆ ಕೊಡಿ.

ಅಕ್ಷರಕ್ಕೆ ಬರೋಣ. ಮಾಂಗಾದ ಬಲೂನು ಎತ್ತರಕ್ಕೆ ಉದ್ದ, ಯಾಕೆಂದರೆ ಜಪಾನಿ ಸಾಲು ಮೇಲಿನಿಂದ ಕೆಳಗೆ ಇಳಿಯುತ್ತದೆ. ಅದನ್ನು ನೋಡಿ ಬಿಡಿಸಿದ ಕಿರಿದಾದ ಬಲೂನಿಗೆ 'ಕಾಣಿಸಿಕೊಳ್ಳಬಾರದಿತ್ತು' ಎಂಬ ಒಂದೇ ಪದ ಹಿಡಿಯುವುದಿಲ್ಲ. ಮೊದಲು ಮಾತು ಬರೆದು, ಆಮೇಲೆ ಅದರ ಸುತ್ತ ಅಡ್ಡಗಲದ ಬಲೂನು ಎಳೆಯಿರಿ. ಪದ ಒಡೆಯಲೇಬೇಕಾದರೆ 'ಕಾಣಿಸಿ / ಕೊಳ್ಳಬಾರದಿತ್ತು' ಎಂದು ಉಸಿರು ನಿಲ್ಲುವಲ್ಲಿ ಒಡೆಯಿರಿ. ಎ4ನಲ್ಲಿ 12 ಪಾಯಿಂಟ್ ಇಟ್ಟರೆ ಎ5ನಲ್ಲಿ ಎಂಟೂವರೆ, ಅದಕ್ಕಿಂತ ಸಣ್ಣದು ಬೇಡ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಚಿತ್ರದ ಆ್ಯಪ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟಿನಿಂದ ಬರೆದು, ಚಿತ್ರವಾಗಿ ಉಳಿಸಿ ತಂದು ಹಾಕಿ. ಮಾತಿಗೆ ನೋಟೊ ಸಾನ್ಸ್ ಕನ್ನಡ ಸಾಕು, ಮೆಸ್‌ನ ಕೂಗಿಗೆ ಬಲೂ ತಮ್ಮ ಚೆನ್ನಾಗಿ ಹೊಂದುತ್ತದೆ.

ಉತ್ತರ: ಸಂಜೆಮಲ್ಲಿಗೆ

ನಾನು 5ನೇ ಪುಟದ ಬಗ್ಗೆ ಮಾತ್ರ ಬರೆಯುತ್ತೇನೆ. ಇಡೀ ಕಥೆಯಲ್ಲಿ ಓದುಗರಿಗೆ ನೋವು ಮಾಡುವ ಶಕ್ತಿ ಇರುವುದು ಆ ಪುಟಕ್ಕೆ.

ತಿನ್ನುವುದು, ತಿಂದು ಪಶ್ಚಾತ್ತಾಪ ಪಡುವುದು, ಮತ್ತೆ ತಿನ್ನುವುದು. ಇದನ್ನು ನೇರವಾಗಿ ಎದುರಿಸಿದವರಲ್ಲಿ ಅನ್ನೊ ಮೊಯೊಕೊ ಒಬ್ಬರು. ಅವರ ಕೃತಿಯ ಹೆಸರಿನ ಅರ್ಥವೇ 'ಕೊಬ್ಬು ಎಂಬ ಬಟ್ಟೆ ತೊಟ್ಟು' ಎಂದು. ಇಂಗ್ಲಿಷಿಗೆ 2014ರಲ್ಲಿ ಬಂತು. ಕಚೇರಿ ಕೆಲಸದ ನೊಕೊಗೆ ತಿನ್ನುವುದೊಂದೇ ನೆಮ್ಮದಿ. ಅವಳು ತೆಳ್ಳಗಾಗುತ್ತಾಳೆ, ಆದರೆ ಬದುಕು ನೆಟ್ಟಗಾಗುವುದಿಲ್ಲ. ಅವಳ ದಪ್ಪ ಮೈಯನ್ನೇ ನೆಚ್ಚಿಕೊಂಡಿದ್ದ ಗೆಳೆಯನಿಗೂ ಅವಳ ಬಗ್ಗೆ ಇದ್ದದ್ದು ಪ್ರೀತಿಗಿಂತ ತನ್ನ ಧೈರ್ಯಕ್ಕೆ ಬೇಕಾದ ಆಸರೆ. ಮೈ ಇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನೇ ಕಥೆ ಮುರಿಯುತ್ತದೆ. ನಿಮ್ಮ ಕೊನೆಯಲ್ಲಿ ಅವಳು ತೆಳ್ಳಗಾಗಿ ನಗುವ ಚೌಕ ಏನಾದರೂ ಇದ್ದರೆ ಈಗಲೇ ಅಳಿಸಿ, ಅದು ಮೊದಲ ಹದಿನೈದು ಪುಟವನ್ನೂ ಸುಳ್ಳು ಮಾಡುತ್ತದೆ.

ನಗಾತಾ ಕಾಬಿ ಅವರ 2016ರ ಆತ್ಮಕಥನ ಇನ್ನೊಂದು. ಅದಕ್ಕೆ 2018ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಶಸ್ತಿಯಾದ ಹಾರ್ವಿ ಬಂತು. ಊಟದ ಕಾಯಿಲೆ, ಖಿನ್ನತೆ, ಎಲ್ಲಿಯೂ ಸಲ್ಲದ ಒಂಟಿತನ ಎಲ್ಲವೂ ಅದರಲ್ಲಿವೆ. ಆದರೆ ಜಪಾನಿ ಶೀರ್ಷಿಕೆಯ ಕೊನೆಯ ಪದ 'ರೆಪೊ', ಅಂದರೆ ವರದಿ. ಏನಾಯಿತು, ಆಗ ಏನನ್ನಿಸಿತು, ಆಮೇಲೆ ಏನಾಯಿತು ಎಂದು ಸಾಲಾಗಿ ಹೇಳುತ್ತಾ ಹೋಗುತ್ತಾರೆ, ಕರುಣೆ ಬೇಡುವುದಿಲ್ಲ. ಗೆರೆ ಗುಂಡಗೆ, ಸರಳ. ಕಪ್ಪು-ಬಿಳಿಯ ಜೊತೆ ಗುಲಾಬಿ ಬಣ್ಣ ಒಂದೇ. ಇಷ್ಟು ಕಷ್ಟದ ವಿಷಯವನ್ನು ಇಷ್ಟು ಮೆದುವಾದ ಗೆರೆ ಹೊತ್ತಿರುವುದರಿಂದ ಓದುಗರು ಮುಖ ತಿರುಗಿಸದೆ ಉಳಿಯುತ್ತಾರೆ.

5ನೇ ಪುಟದಲ್ಲಿ ಬೇಡವಾದದ್ದು: ತೂಕದ ಸಂಖ್ಯೆ, ಕ್ಯಾಲೊರಿ ಲೆಕ್ಕ, ಎಷ್ಟು ಹೊತ್ತು ಉಪವಾಸ ಇದ್ದಳೆಂಬುದು, ವಾಂತಿ ಮಾಡಿಕೊಳ್ಳುವ ವಿಧಾನ, ಮೊದಲು-ಆಮೇಲೆ ಎಂಬ ಜೋಡಿಚಿತ್ರ. ಇದೇ ಕಷ್ಟದಲ್ಲಿರುವ ಹುಡುಗಿ ನಿಮ್ಮ ಪುಸ್ತಕ ಓದಿದರೆ ಆ ಸಂಖ್ಯೆ ಅವಳಿಗೆ ಗುರಿಯಾಗುತ್ತದೆ, ವಿಧಾನ ಪಾಠವಾಗುತ್ತದೆ. ತೂಕದ ಯಂತ್ರ ತೋರಿಸಲೇಬೇಕೆಂದರೆ ಅದರ ಮೇಲಿನ ಪಾದಗಳನ್ನು ಬಿಡಿಸಿ, ಮುಳ್ಳನ್ನು ಪಾದವೇ ಮುಚ್ಚಿರಲಿ.

ಬಾಯಿ ಬಿಡಿಸಬೇಡಿ, ಕೈ ಬಿಡಿಸಿ. ಪಕ್ಕದ ಮಂಚದವಳಿಗೆ ಎಚ್ಚರವಾಗದಂತೆ ಬಿಸ್ಕತ್ತಿನ ಪೊಟ್ಟಣವನ್ನು ಹೊದಿಕೆಯೊಳಗೆ ಇಟ್ಟುಕೊಂಡು ಒಂದೊಂದೇ ಮಿಲಿಮೀಟರ್ ಬಿಚ್ಚುವ ಬೆರಳು, ಪ್ಲಾಸ್ಟಿಕ್ಕಿನ ಸಣ್ಣ ಚರಚರ, ಗೋಡೆ ಗಡಿಯಾರ, ದಿಂಬಿನ ಕೆಳಗೆ ಮಡಚಿಟ್ಟ ಖಾಲಿ ಕವರು. ತಿಂಡಿಯನ್ನು ಅಸಹ್ಯವಾಗಿ ಬಿಡಿಸಬೇಡಿ, ತಪ್ಪು ತಿಂಡಿಯದ್ದಲ್ಲ.

ಅವಳನ್ನು ಚುಚ್ಚುವ ಮಾತಿಗೆ ಖಳನಾಯಕಿ ಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮ ಪ್ರೀತಿಯಿಂದ ಕೆನ್ನೆ ಹಿಂಡಿ "ಹಾಸ್ಟೆಲ್ ಊಟ ಮೈಗೆ ಹಿಡಿದಿದೆ ಬಿಡೆ" ಅಂದರೆ ಸಾಕು. ಅಂಥ ಮಾತು ಪುಸ್ತಕದಲ್ಲಿ ಒಂದೇ ಇರಲಿ. ಡುಮ್ಮಿ ಎಂದು ಕೂಗುವ ನಾಲ್ಕು ಜನರಿಗಿಂತ ಅದು ಆಳಕ್ಕೆ ಇಳಿಯುತ್ತದೆ, ಏಕೆಂದರೆ ತಿರುಗಿ ಬಯ್ಯಲು ಆಗುವುದಿಲ್ಲ.

ಹಿಂಬದಿಯ ಒಳಪುಟದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಹಾಕಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕಥೆಯ ಕೊನೆಯ ಚೌಕಕ್ಕೆ ಅಂಟಿಸದೆ ಬೇರೆ ಪುಟದಲ್ಲಿ, ಚಿತ್ರವಿಲ್ಲದೆ ಇರಲಿ.

ಉತ್ತರ: ಕಪ್ಪುಮಸಿ

ನಾಲ್ಕನೇ ಚೌಕ ಅವರ ತಕರಾರು ಒಪ್ಪಿದೆ. 16 ಪುಟಕ್ಕೆ ಗಲ್ಲದ ಮೇಲೆ ಕತ್ತರಿಸುವುದೇ ಸರಿ, ಎರಡು ಅಳತೆಯನ್ನು ಒಂದೇ ಜಾಗಕ್ಕೆ ಉಳಿಸಿಕೊಳ್ಳಿ. ಆ ಜಾಗ 8–9ರ ಗ್ರೂಪ್ ಫೋಟೋ.

ಏಳನೇ ಪುಟದವರೆಗೆ ನಾವು ಅವಳ ಕಣ್ಣಲ್ಲೇ ಇದ್ದೇವೆ: ಅಗಲವಾದ ಮುಖ, ಚೌಕಕ್ಕೆ ತಾಗುವ ಭುಜ, ತಲೆಯಿಲ್ಲದ ಬೇರೆಯವರು. ಪುಟ ತಿರುಗಿಸಿದರೆ ಫೋಟೋ. ಕ್ಯಾಮೆರಾಗೆ ಯಾರ ಸಂಕಟವೂ ಗೊತ್ತಿಲ್ಲ, ಆದ್ದರಿಂದ ಅದು 'ಬೇ' ಚೌಕ. ಹದಿನೈದಿಪ್ಪತ್ತು ಹುಡುಗಿಯರು, ಎಲ್ಲರಿಗೂ ಪೂರ್ತಿ ಮುಖ, ಎಲ್ಲರಿಗೂ ಒಂದೇ ದಪ್ಪದ ಗೆರೆ. ದಪ್ಪಗಿರುವವರು, ಸಣ್ಣಗಿರುವವರು, ಕಣ್ಣು ಮುಚ್ಚಿಕೊಂಡವಳು, ಹಲ್ಲಿಗೆ ಕೈ ಅಡ್ಡ ಹಿಡಿದವಳು. ನಮ್ಮವಳು ಹಿಂದಿನ ಸಾಲಿನಲ್ಲಿ ಆರೂವರೆ ತಲೆಯೆತ್ತರದಲ್ಲಿ ನಿಂತಿರುತ್ತಾಳೆ. ಬಾಣದ ಗುರುತು, ಬೇರೆ ಟೋನ್, ಮಾತು ಯಾವುದೂ ಬೇಡ. ಬೈತಲೆ ಮತ್ತು ಹುಬ್ಬಿನಿಂದ ಓದುಗರೇ ಅವಳನ್ನು ಹುಡುಕಬೇಕು. ಹುಡುಕಲು ನಾಲ್ಕೈದು ಸೆಕೆಂಡು ಹಿಡಿದರೆ ಚಿತ್ರ ಗೆದ್ದಿತು. ಬಿಡಿಸಿ ಮುಗಿದ ಮೇಲೆ ಕಥೆ ಗೊತ್ತಿಲ್ಲದ ಇಬ್ಬರಿಗೆ 2ರಿಂದ 9ರವರೆಗಿನ ಪುಟ ಕೊಟ್ಟು, ಅವಳೆಲ್ಲಿ ಎಂದು ಕೇಳಿ. ಕೂಡಲೇ ಬೆರಳಿಟ್ಟರೆ ಅವಳನ್ನು ನೀವು ಇನ್ನೂ ಬೇರೆಯಾಗಿ ಬಿಡಿಸುತ್ತಿದ್ದೀರಿ ಎಂದರ್ಥ. ಸಿಗಲೇ ಇಲ್ಲವೆಂದರೆ ಹುಬ್ಬನ್ನು ಸ್ವಲ್ಪ ಗಟ್ಟಿ ಮಾಡಿ.

10ನೇ ಪುಟದಲ್ಲಿ ಅದೇ ಫೋಟೋ ಅವಳ ಫೋನಿನಲ್ಲಿ. ಎರಡು ಬೆರಳಿನಿಂದ ತನ್ನ ಮುಖವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾಳೆ, ಪರದೆಯಲ್ಲಿ ಮತ್ತೆ ಅದೇ ತಟ್ಟೆಯ ಮುಖ. ಪಕ್ಕದಲ್ಲಿ ನಿಂತಿದ್ದವಳ ಅರ್ಧ ಕೆನ್ನೆಯೂ ಪರದೆಯ ಅಂಚಿಗೆ ಬಂದಿರಲಿ, ಅವಳು ಅದನ್ನು ಗಮನಿಸುವುದಿಲ್ಲ. 14ರಲ್ಲಿ ಆ ಕೆನ್ನೆಯ ಹುಡುಗಿಯೇ ಬಂದು ಪಕ್ಕ ಕೂರಲಿ.